ಮಾರ್ಚ್ 31ರ ಯು.ಸಿ. (ಬಳಕೆ ಪ್ರಮಾಣಪತ್ರ): ಒಂದು ಸಂಶೋಧನಾ ಯೋಜನಾ ಶಾಖೆಯ ತರಬೇತಿ ಪ್ರಕರಣ

ರಾಜ್ಯ ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ವಿಭಾಗದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ವಿದ್ಯಾರ್ಥಿನಿಗೆ 2024ರ ಡಿಸೆಂಬರ್‌ವರೆಗಿನ ಫೆಲೋಶಿಪ್ ಸಂದಾಯವಾಗಿದೆ. ಜನವರಿಯದಕ್ಕೆ ದುಡ್ಡಿಲ್ಲ. ಎರಡನೇ ಕಂತು ಬರಬೇಕಿತ್ತು, ಬಂದಿಲ್ಲ. ಏಕೆ ಬಂದಿಲ್ಲ ಎಂದು ಪ್ರಧಾನ ಸಂಶೋಧಕರು ಯೋಜನಾ ಶಾಖೆಗೆ ಬಂದು ಕೇಳಿದಾಗ, ಆರು ತಿಂಗಳ ಹಿಂದೆಯೇ ಅನುದಾನ ಸಂಸ್ಥೆಯಿಂದ ಬಂದ ಆಕ್ಷೇಪಣಾ ಪತ್ರ ಕಡತದಲ್ಲಿ ಹಾಗೆಯೇ ಇರುವುದು ಕಾಣಿಸಿತು. ಅದನ್ನು ಯಾರೂ ಬೇಕೆಂದು ಮುಚ್ಚಿಟ್ಟಿರಲಿಲ್ಲ. ಪತ್ರದಲ್ಲಿ ಕೇಳಿದ್ದು ಏನೆಂಬುದು ಶಾಖೆಯಲ್ಲಿದ್ದವರಿಗೆ ತಿಳಿದಿರಲಿಲ್ಲ, ತಿಳಿದಿದ್ದವರು ಪರೀಕ್ಷಾಂಗಕ್ಕೆ ವರ್ಗವಾಗಿದ್ದರು.

ಈ ಪ್ರಕರಣವನ್ನು ತರಬೇತಿಗೆಂದೇ ಜೋಡಿಸಲಾಗಿದೆ. ವಿಶ್ವವಿದ್ಯಾಲಯ, ಯೋಜನೆ, ದಿನಾಂಕ ಮತ್ತು ಮೊತ್ತಗಳು ಅಭ್ಯಾಸಕ್ಕಾಗಿ ಕಟ್ಟಿದವು. ಅವುಗಳಿಗೆ ಅನ್ವಯಿಸುವ ನಿಯಮಗಳು, ದರಗಳು ಮತ್ತು ನಮೂನೆಗಳು ನಿಜವಾದವು. ಅಧೀಕ್ಷಕರು, ವಿಷಯ ನಿರ್ವಾಹಕರು, ಹಣಕಾಸು ವಿಭಾಗದವರು ಪೆನ್ನು ಹಿಡಿದು ಲೆಕ್ಕ ಮಾಡುತ್ತಾ ಓದಿದರೆ ಹೆಚ್ಚು ಪ್ರಯೋಜನ.

ಶಾಖೆ ಮತ್ತು ಯೋಜನೆ

ಶಾಖೆಯಲ್ಲಿ ನಾಲ್ವರು: ಅಧೀಕ್ಷಕರು, ಒಬ್ಬ ಪ್ರಥಮ ದರ್ಜೆ ಸಹಾಯಕಿ, ಒಬ್ಬ ದ್ವಿತೀಯ ದರ್ಜೆ ಸಹಾಯಕ, ಹೊರಗುತ್ತಿಗೆಯ ಒಬ್ಬ ಡೇಟಾ ಎಂಟ್ರಿ ಆಪರೇಟರ್. ಇವರ ಮೇಜಿನ ಮೇಲೆ 41 ಯೋಜನೆಗಳು. ಕೇಂದ್ರದ ಹಣದ ಪಾವತಿ ನಡೆಯುವ ಪಿಎಫ್‌ಎಂಎಸ್ ಜಾಲತಾಣದಲ್ಲಿ ಪಾವತಿಯನ್ನು ನಮೂದಿಸುವವರು ಆಪರೇಟರ್, ಅನುಮೋದಿಸುವವರು ಹಣಕಾಸು ಅಧಿಕಾರಿ. ಕಡತ ನೋಡುವವರು ಸಹಾಯಕಿ. ಅಂದರೆ ಒಂದೇ ಪಾವತಿಯನ್ನು ಮೂವರು ಮುಟ್ಟುತ್ತಾರೆ, ಮಂಜೂರಾತಿ ಆದೇಶವನ್ನು ಪೂರ್ತಿ ಓದುವವರು ಅವರಲ್ಲಿ ಒಬ್ಬರೇ.

ಯೋಜನೆಗೆ 2023ರ ಆಗಸ್ಟ್‌ನಲ್ಲಿ ಮಂಜೂರಾತಿ ಸಿಕ್ಕಿ, ಮೊದಲ ಕಂತು ₹27,73,920 ಸೆಪ್ಟೆಂಬರ್ 21ರಂದು ಜಮೆಯಾಯಿತು. ಅದರಲ್ಲಿ ಬಂಡವಾಳ ಆಸ್ತಿ, ಅಂದರೆ ಉಪಕರಣಕ್ಕೆ ₹18,00,000. ಸಾಮಾನ್ಯ ಶೀರ್ಷಿಕೆಯಲ್ಲಿ ₹9,73,920: ಜೆಆರ್‌ಎಫ್‌ಗೆ ₹5,23,920, ರಾಸಾಯನಿಕ ಮುಂತಾದ ಬಳಕೆ ಸಾಮಗ್ರಿಗೆ ₹2,50,000, ಪ್ರಯಾಣಕ್ಕೆ ₹50,000, ಸಾದಿಲ್ವಾರಿಗೆ (ಇತರೆ ಚಿಲ್ಲರೆ ಖರ್ಚು) ₹50,000, ಓವರ್‌ಹೆಡ್ (ಸಂಸ್ಥೆಗೆ ಸಲ್ಲುವ ನಿರ್ವಹಣಾ ವೆಚ್ಚ) ₹1,00,000. ಜೆಆರ್‌ಎಫ್ ಲೆಕ್ಕ ಹೀಗೆ: ಮಾಸಿಕ ₹37,000 (2023ರ ಜನವರಿ 1ರಿಂದ ಜಾರಿಯಾದ ದರ), ಮನೆಬಾಡಿಗೆ ಭತ್ಯೆ ಆಗಿನ ದರದಲ್ಲಿ ಶೇ. 18, ಒಟ್ಟು ₹43,660. 12 ತಿಂಗಳಿಗೆ ₹5,23,920.

ನೇಮಕಾತಿಗೆ ಪ್ರಕಟಣೆ, ಸಂದರ್ಶನ ಎಂದು ತಡವಾಗಿ ವಿದ್ಯಾರ್ಥಿನಿ 2024ರ ಜನವರಿ 1ರಂದು ಸೇರಿದರು. ಉಪಕರಣಕ್ಕೆ ಟೆಂಡರ್ ಮುಗಿದು ಖರೀದಿ ಆದೇಶ ಹೊರಟಿದ್ದು ಫೆಬ್ರುವರಿಯಲ್ಲಿ. ಯಂತ್ರ ಬಂದು ಅಳವಡಿಕೆಯಾಗಿ ಬಿಲ್ಲು ಪಾವತಿಯಾಗಿದ್ದು ಜೂನ್‌ನಲ್ಲಿ. ಈ ನಡುವೆ ಮೇ ತಿಂಗಳಲ್ಲಿ 2023-24ರ ಬಳಕೆ ಪ್ರಮಾಣಪತ್ರ, ಎಲ್ಲರೂ ಯು.ಸಿ. ಎನ್ನುವ ಕಾಗದ, ದೆಹಲಿಗೆ ಹೋಯಿತು. ಜುಲೈನಲ್ಲಿ ಆಕ್ಷೇಪಣೆ ಬಂತು.

ಯು.ಸಿ.ಯಲ್ಲಿ ಏನಿತ್ತು, ಏನಿರಬೇಕಿತ್ತು

ಕಳುಹಿಸಿದ ಯು.ಸಿ.ಯಲ್ಲಿ ಖರ್ಚು ₹21,15,980, ಉಳಿಕೆ ₹6,57,940, ಬಡ್ಡಿ ‘ಇಲ್ಲ’. ಮಾರ್ಚ್ 31ರ ವೇಳೆಗೆ ನಿಜವಾಗಿ ಖಾತೆಯಿಂದ ಹೊರಗೆ ಹೋದದ್ದು ಇಷ್ಟು: ಜೆಆರ್‌ಎಫ್‌ಗೆ ಎರಡು ತಿಂಗಳದ್ದು ₹87,320, ರಾಸಾಯನಿಕಗಳಿಗೆ ₹1,12,400, ಪ್ರಯಾಣಕ್ಕೆ ₹18,600, ಸಾದಿಲ್ವಾರು ₹21,500, ಓವರ್‌ಹೆಡ್ ₹1,00,000. ಒಟ್ಟು ₹3,39,820. ಉಳಿಕೆ ₹24,34,100. ಎರಡು ಖರ್ಚುಗಳ ನಡುವಿನ ವ್ಯತ್ಯಾಸ ₹17,76,160.

ಈ ವ್ಯತ್ಯಾಸವನ್ನು ಒಡೆದು ನೋಡುವುದೇ ಇಡೀ ತರಬೇತಿಯ ತಿರುಳಾಯಿತು. ಅದರಲ್ಲಿ ₹17,32,500 ಖರೀದಿ ಆದೇಶದ ಮೊತ್ತ. ಆದೇಶ ಹೊರಡಿಸಿದ್ದನ್ನೇ ಖರ್ಚು ಎಂದು ತೋರಿಸಲಾಗಿತ್ತು. ಉಳಿದ ₹43,660 ಮಾರ್ಚ್ ತಿಂಗಳ ಫೆಲೋಶಿಪ್, ಅದು ಪಾವತಿಯಾಗಿದ್ದು ಏಪ್ರಿಲ್ ಮೊದಲ ವಾರ.

ಮೊದಲನೆಯ ತಪ್ಪಿಗೆ ಕಾರಣ ಭಯ. ಮಾರ್ಚ್ 31ಕ್ಕೆ ಖರ್ಚಾಗದ ದುಡ್ಡು ವಾಪಸು ಹೋಗುತ್ತದೆ ಎಂಬ ಭಾವನೆ ಸರ್ಕಾರಿ ಕಚೇರಿಗಳಲ್ಲಿ ಆಳವಾಗಿ ಬೇರೂರಿದೆ, ಆಯವ್ಯಯದ ಹಣಕ್ಕೆ ಅದು ನಿಜವೂ ಹೌದು. ಆದರೆ ಬ್ಯಾಂಕ್ ಖಾತೆಗೆ ಬಂದ ಬಹುವರ್ಷದ ಯೋಜನಾ ಅನುದಾನದಲ್ಲಿ ಉಳಿಕೆಯನ್ನು ಪ್ರಾಮಾಣಿಕವಾಗಿ ತೋರಿಸಿ ಮುಂದಿನ ವರ್ಷಕ್ಕೆ ಒಯ್ಯಲು ಅನುಮತಿ ಕೇಳುವ ದಾರಿ ಇದೆ. ಖರೀದಿ ಆದೇಶವನ್ನು ಬದ್ಧ ವೆಚ್ಚ (ಕೊಡಲು ಒಪ್ಪಿದ, ಇನ್ನೂ ಕೊಡದ ಹಣ) ಎಂದು ಪ್ರತ್ಯೇಕ ಟಿಪ್ಪಣಿಯಲ್ಲಿ, ಆದೇಶದ ಪ್ರತಿಯೊಡನೆ ಲಗತ್ತಿಸಬೇಕು. ಖರ್ಚಿನ ಅಂಕಣಕ್ಕೆ ಅದು ಬರಕೂಡದು.

ಎರಡನೆಯದು ಸೂಕ್ಷ್ಮ. ಹಣಕಾಸು ವಿಭಾಗದವರು ಮಾರ್ಚ್ ಫೆಲೋಶಿಪ್ಪನ್ನು 2023-24ಕ್ಕೆ ಸೇರಿಸಿದ್ದು ಅವರ ಲೆಕ್ಕದಲ್ಲಿ ಸರಿಯೇ. ವಿಶ್ವವಿದ್ಯಾಲಯದ ವಾರ್ಷಿಕ ಲೆಕ್ಕಪತ್ರದಲ್ಲಿ ಕೊಡಬೇಕಾದ ಬಾಕಿಯೂ ಆ ವರ್ಷದ ವೆಚ್ಚ. ಯು.ಸಿ. ಮಾತ್ರ ನಗದು ಲೆಕ್ಕ: ದುಡ್ಡು ಖಾತೆ ಬಿಟ್ಟ ದಿನವೇ ಖರ್ಚಿನ ದಿನ. ಒಂದೇ ವೋಚರ್ ಒಂದು ಪುಸ್ತಕದಲ್ಲಿ ಸರಿ, ಇನ್ನೊಂದು ಕಾಗದದಲ್ಲಿ ತಪ್ಪು. ಇದನ್ನು ಯಾರಾದರೂ ಒಮ್ಮೆ ಎದುರು ಕೂತು ಹೇಳಿಕೊಡದೆ ತಾನಾಗಿ ಹೊಳೆಯುವುದಿಲ್ಲ. ಹಾಗಾಗಿ ಇಂತಹ ತಪ್ಪಿಗೆ ಸಹಾಯಕಿಯಿಂದ ವಿವರಣೆ ಕೇಳುವ ಮೆಮೊ ಕೊಡುವುದರಲ್ಲಿ ಅರ್ಥವಿಲ್ಲ.

ಬಡ್ಡಿಯದು ಬೇರೆ ಕಥೆ. ಎಲ್ಲ ಯೋಜನೆಗಳ ಹಣ ಒಂದೇ ಉಳಿತಾಯ ಖಾತೆಯಲ್ಲಿತ್ತು. ಬಡ್ಡಿ ಜಮೆಯಾದಾಗ ಅದು ವಿಶ್ವವಿದ್ಯಾಲಯದ ಸಾಮಾನ್ಯ ಸ್ವೀಕೃತಿಗೆ ಸೇರಿಹೋಗುತ್ತಿತ್ತು. 2017ರ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 230(8)ರ ಪ್ರಕಾರ ಅನುದಾನದ ಮೇಲೆ ಗಳಿಸಿದ ಬಡ್ಡಿ ಭಾರತದ ಸಂಚಿತ ನಿಧಿಗೆ ಕಡ್ಡಾಯವಾಗಿ ಹೋಗಬೇಕು, ಮುಂದಿನ ಕಂತಿನಲ್ಲಿ ಹೊಂದಿಸಿಕೊಳ್ಳುವಂತಿಲ್ಲ. ದಿನವಾರು ಉಳಿಕೆ ಹಿಡಿದು ಲೆಕ್ಕ ಹಾಕಿದಾಗ ಈ ಯೋಜನೆಯ ಸರಾಸರಿ ಶಿಲ್ಕು ₹25,85,000. ಬ್ಯಾಂಕಿನ ದರ ಶೇ. 2.70, ಸೆಪ್ಟೆಂಬರ್ 21ರಿಂದ ಮಾರ್ಚ್ 31ರವರೆಗೆ 193 ದಿನ, ಬಡ್ಡಿ ₹36,905. ಇದನ್ನು ಕೇಂದ್ರ ಸರ್ಕಾರಕ್ಕೆ ಹಣ ಕಟ್ಟುವ ಭಾರತ್‌ಕೋಶ್ ಜಾಲತಾಣದಲ್ಲಿ ಸಂದಾಯ ಮಾಡಿ ಚಲನ್ ಪ್ರತಿಯನ್ನು ಯು.ಸಿ.ಗೆ ಲಗತ್ತಿಸಬೇಕಿತ್ತು.

ಯು.ಸಿ. ಬರೆಯುವ ಜಿಎಫ್‌ಆರ್ 12-ಎ ನಮೂನೆಯನ್ನು ಗಮನವಿಟ್ಟು ನೋಡಿದರೆ ತಪ್ಪು ಹಿಡಿಯುವ ಬಲೆ ಅದರೊಳಗೇ ಇದೆ. ಪ್ರಾರಂಭಿಕ ಶಿಲ್ಕು, ಬಡ್ಡಿ, ಮರಳಿಸಿದ ಬಡ್ಡಿ, ಆ ವರ್ಷ ಬಂದ ಅನುದಾನ, ಒಟ್ಟು ಲಭ್ಯ ಹಣ, ಖರ್ಚು, ಅಂತಿಮ ಶಿಲ್ಕು ಎಂದು ಅಂಕಣಗಳು ಸಾಗುತ್ತವೆ. ಬ್ಯಾಂಕಿನಲ್ಲಿರುವ ನಗದು ಎಷ್ಟು, ಹೊಂದಾಣಿಕೆಯಾಗದ ಮುಂಗಡ ಎಷ್ಟು ಎಂಬ ಸಾಲುಗಳೂ ಇವೆ. ಅಂತಿಮ ಶಿಲ್ಕು ₹6,57,940 ಎಂದು ಬರೆದು ಸಹಿ ಹಾಕಲಾಗಿತ್ತು, ಆದರೆ ಮಾರ್ಚ್ 31ರಂದು ಯೋಜನೆಯ ಪಾಲಿನ ನಗದು, ಬಡ್ಡಿ ಸೇರಿ, ₹24,71,005 ಇತ್ತು. ನಗದು ಪುಸ್ತಕದ ಒಂದು ಪುಟ ತಿರುಗಿಸಿದ್ದರೆ ಸಾಕಿತ್ತು.

ತೆರಿಗೆಯ ಹೊಡೆತ

ಆಕ್ಷೇಪಣಾ ಪತ್ರದಲ್ಲಿ ಇಲ್ಲದ, ಆದರೆ ಕಡತ ಬಿಚ್ಚಿದಾಗ ಸಿಕ್ಕಿದ ಇನ್ನೊಂದು ತೊಡಕು ಇದಕ್ಕಿಂತ ಗಂಭೀರ. ಸಂಶೋಧಕರು ಪ್ರಸ್ತಾವನೆ ಸಲ್ಲಿಸಿದ್ದು 2022ರ ಆರಂಭದಲ್ಲಿ. ಆಗ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಶೇ. 5ರ ರಿಯಾಯಿತಿ ಜಿಎಸ್‌ಟಿ ಇತ್ತು. 2022ರ ಜುಲೈ 18ರಿಂದ ಆ ರಿಯಾಯಿತಿ ರದ್ದಾಯಿತು. ಹಳೆಯ ದರಪಟ್ಟಿಯನ್ನೇ ಆಧರಿಸಿ ಶಾಖೆ ಅಂದಾಜು ಮಾಡಿತು: ಮೂಲ ಬೆಲೆ ₹16,50,000, ಶೇ. 5 ಸೇರಿ ₹17,32,500. ಬಿಲ್ಲು ಬಂದದ್ದು ಶೇ. 18 ಸೇರಿ ₹19,47,000. ಮಂಜೂರಾದ ₹18,00,000ಕ್ಕಿಂತ ₹1,47,000 ಹೆಚ್ಚು.

ಯಂತ್ರ ಬಂದು ಕೂತಿದೆ, ಮಾರಾಟಗಾರರು ದಿನವೂ ಫೋನ್ ಮಾಡುತ್ತಿದ್ದಾರೆ. ರಾಸಾಯನಿಕಗಳ ಶೀರ್ಷಿಕೆಯಲ್ಲಿ ಉಳಿದಿದ್ದ ₹1,37,600 ಪೂರ್ತಿ ತೆಗೆದು, ಸಾಲದ ₹9,400ನ್ನು ಸಾದಿಲ್ವಾರಿನಿಂದ ಹಾಕಿ ಬಿಲ್ಲು ತೀರಿಸಲಾಯಿತು. ಕಡತದ ಟಿಪ್ಪಣಿಯಲ್ಲಿ ‘ಒಟ್ಟು ಮಂಜೂರಾತಿಯ ಮಿತಿಯೊಳಗೇ ಇರುವುದರಿಂದ’ ಎಂಬ ಸಮರ್ಥನೆ.

ಆ ಸಮರ್ಥನೆ ನಿಲ್ಲುವುದಿಲ್ಲ. ಕೇಂದ್ರದ ಆಯವ್ಯಯದಲ್ಲಿ ಸಾಮಾನ್ಯ ಸಹಾಯಾನುದಾನ ವಸ್ತು ಶೀರ್ಷಿಕೆ (ಖರ್ಚಿನ ಬಗೆಯ ಸಂಕೇತ ಸಂಖ್ಯೆ) 31, ಬಂಡವಾಳ ಆಸ್ತಿ ಸೃಜನೆ 35, ವೇತನ 36. ಅನುದಾನ ಕೊಡುವವರ ಪೆಟ್ಟಿಗೆಯಲ್ಲೇ ಇವು ಬೇರೆ ಬೇರೆ ಖಾನೆಗಳು. ಹಾಗಾಗಿ ಪ್ರಯಾಣದಿಂದ ಸಾದಿಲ್ವಾರಿಗೆ ನಾಲ್ಕು ಕಾಸು ಸರಿಸುವುದೂ ಸಾಮಾನ್ಯದಿಂದ ಬಂಡವಾಳಕ್ಕೆ ಸರಿಸುವುದೂ ಒಂದೇ ಅಲ್ಲ. ಎರಡನೆಯದಕ್ಕೆ ಖರ್ಚಿಗೆ ಮೊದಲೇ ಸಂಸ್ಥೆಯ ಲಿಖಿತ ಅನುಮತಿ ಬೇಕು. ಈ ಗೆರೆ ಏಕಿದೆ ಎಂದು ತಿಳಿದವರು ಅದನ್ನು ದಾಟುವ ಮುನ್ನ ನಿಲ್ಲುತ್ತಾರೆ. ‘ದಾಟಬಾರದು’ ಎಂದಷ್ಟೇ ಕೇಳಿಸಿಕೊಂಡವರು ಮಾರಾಟಗಾರರ ಐದನೇ ಫೋನಿಗೆ ದಾಟುತ್ತಾರೆ.

ಮೊದಲ ತರಬೇತಿ ಏಕೆ ಫಲಿಸಲಿಲ್ಲ

ಆಕ್ಷೇಪಣೆ ಬಂದ ಎರಡು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಅಧೀಕ್ಷಕರನ್ನು ಬೆಂಗಳೂರಿನ ಎರಡು ದಿನಗಳ ಕಾರ್ಯಾಗಾರಕ್ಕೆ ಕಳುಹಿಸಲಾಗಿತ್ತು. ನಿಯಮಗಳ ಬಗ್ಗೆ ಒಳ್ಳೆಯ ಉಪನ್ಯಾಸಗಳಿದ್ದವು. ಅವರು ಕೈಪಿಡಿ, ಪ್ರಮಾಣಪತ್ರ ತಂದರು. ಶಾಖೆಯಲ್ಲಿ ಏನೂ ಬದಲಾಗಲಿಲ್ಲ.

ಹೋದವರು ನಮೂದು ಮಾಡುವವರಲ್ಲ. ನಮೂದು ಮಾಡುವ ಆಪರೇಟರ್ ಹೊರಗುತ್ತಿಗೆಯವರಾದ್ದರಿಂದ ಅನ್ಯಕಾರ್ಯ ನಿಮಿತ್ತ ರಜೆಗೂ ಪ್ರಯಾಣ ಭತ್ಯೆಗೂ ಅರ್ಹರಲ್ಲ, ಆಯ್ಕೆ ಪಟ್ಟಿಗೇ ಬರಲಿಲ್ಲ. ಅನುಮೋದಿಸುವ ಹಣಕಾಸು ಅಧಿಕಾರಿಯೂ ಹೋಗಲಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಈ ಶಾಖೆಯವರು ಅಜ್ಞಾನಿಗಳಲ್ಲ. ಇಲಾಖಾ ಪರೀಕ್ಷೆಯ ಲೆಕ್ಕಪತ್ರ ಉನ್ನತ ಪಾಸು ಮಾಡಿದವರಿದ್ದಾರೆ. ಕರ್ನಾಟಕ ಆರ್ಥಿಕ ಸಂಹಿತೆ, ರಾಜ್ಯದ ಖಜಾನೆ-2 ತಂತ್ರಾಂಶ, ಪಾರದರ್ಶಕತೆ ಕಾಯ್ದೆಯ ಟೆಂಡರ್ ವಿಧಾನ ಎಲ್ಲವೂ ಕರಗತ. ಕೇಂದ್ರದ ಅನುದಾನ ನಡೆಯುವುದು ಜಿಎಫ್‌ಆರ್ ಮತ್ತು ಮಂಜೂರಾತಿ ಆದೇಶದ ಷರತ್ತುಗಳ ಮೇಲೆ. ಅವರಿಗೆ ಬೇಕಾಗಿದ್ದದ್ದು ಎರಡು ಪುಸ್ತಕಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬ ತಿಳಿವಳಿಕೆ. ಉಪನ್ಯಾಸಗಳು ಸೊನ್ನೆಯಿಂದ ಶುರು ಮಾಡಿದ್ದರಿಂದ ಅನುಭವಿಗಳಿಗೆ ಅರ್ಧ ಪಾಠ ಗೊತ್ತಿದ್ದದ್ದೇ ಆಗಿತ್ತು, ಬೇಕಾದ ಅರ್ಧ ಬರಲೇ ಇಲ್ಲ.

ಮೇಜಿನ ಬಳಿಯ ಹತ್ತು ವಾರ

2025ರ ಜನವರಿ ಮೂರನೇ ವಾರದಿಂದ ಹತ್ತು ವಾರ, ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ 3ರಿಂದ 4.30. ಸ್ಥಳ ಶಾಖೆಯೇ. ನಾಲ್ವರು, ಜೊತೆಗೆ ಹಣಕಾಸು ವಿಭಾಗದ ಒಬ್ಬರು. ಹಣಕಾಸು ಅಧಿಕಾರಿ ಶುಕ್ರವಾರ ಮಾತ್ರ. ಆ ಹೊತ್ತಿನಲ್ಲಿ ಶಾಖೆಯ ಬಾಗಿಲಿಗೆ ‘4.30ರ ನಂತರ ಬನ್ನಿ’ ಎಂಬ ಚೀಟಿ ಅಂಟಿಸಲು ಕುಲಸಚಿವರ ಸುತ್ತೋಲೆ ಬೇಕಾಯಿತು. ಅದಿಲ್ಲದಿದ್ದರೆ ಮೂರನೇ ದಿನಕ್ಕೇ ತರಬೇತಿ ನಿಂತುಹೋಗುತ್ತಿತ್ತು.

ಮೊದಲ ದಿನ ಉಪನ್ಯಾಸವಿಲ್ಲ. ಪ್ರತಿಯೊಬ್ಬರ ಕೈಗೂ ಇದೇ ಯೋಜನೆಯ ಮಂಜೂರಾತಿ ಆದೇಶದ ಜೆರಾಕ್ಸ್, ಕೆಂಪು ಪೆನ್ನು, ಆರು ಪ್ರಶ್ನೆ. ಬಂಡವಾಳ ಎಷ್ಟು, ಸಾಮಾನ್ಯ ಎಷ್ಟು? ಯೋಜನೆಯ ಅವಧಿ ಯಾವ ದಿನದಿಂದ ಆರಂಭ? ಬಡ್ಡಿಯ ಷರತ್ತು ಯಾವ ಕಂಡಿಕೆಯಲ್ಲಿದೆ? ಶೀರ್ಷಿಕೆ ಬದಲಿಸಲು ಯಾರ ಅನುಮತಿ? ಎರಡನೇ ಕಂತಿಗೆ ಯಾವ ಕಾಗದಗಳು? ಯು.ಸಿ.ಗೆ ಯಾರ ಯಾರ ಸಹಿ? ಉತ್ತರ ಬರೆಯಬೇಕಿಲ್ಲ, ಆದೇಶದಲ್ಲಿ ಉತ್ತರವಿರುವ ಸಾಲಿಗೆ ಗೆರೆ ಎಳೆದರೆ ಸಾಕು. ಮೂರು ಪುಟದ ಆದೇಶಕ್ಕೆ ಎಲ್ಲರಿಗೂ 40 ನಿಮಿಷ ಹಿಡಿಯಿತು. ಏಕೆಂದರೆ ಅಲ್ಲಿಯವರೆಗೆ ಎಲ್ಲರೂ ಓದುತ್ತಿದ್ದದ್ದು ಮೊತ್ತವಿರುವ ಕೋಷ್ಟಕವನ್ನು ಮಾತ್ರ. ಷರತ್ತುಗಳಿರುವುದು ಅದರ ಕೆಳಗೆ.

ಎರಡನೇ ವಾರದಿಂದ ತಿರಸ್ಕೃತ ಯು.ಸಿ.ಯನ್ನು ಹಿಂದಿನಿಂದ ಓದುವ ಅಭ್ಯಾಸ. ಅಂತಿಮ ಶಿಲ್ಕಿನಿಂದ ಶುರುಮಾಡಿ ಪ್ರತಿ ಅಂಕಿಗೂ ನಗದು ಪುಸ್ತಕದ ಪುಟ ಸಂಖ್ಯೆ, ವೋಚರ್ ಸಂಖ್ಯೆ, ಪಿಎಫ್‌ಎಂಎಸ್ ಪಾವತಿ ದಿನಾಂಕ ಬರೆಯುವುದು. ಮೂರೂ ಸಿಗದ ಅಂಕಿಗೆ ಸುತ್ತು ಹಾಕುವುದು. ₹17,32,500ರ ಸುತ್ತ ಮೊದಲ ಸುತ್ತು ಬಿತ್ತು. ಮಾರ್ಚ್ ಫೆಲೋಶಿಪ್‌ಗೆ ವೋಚರ್ ಇತ್ತು, ಆದರೆ ಪಾವತಿ ದಿನಾಂಕ ಏಪ್ರಿಲ್. ಅದನ್ನು ಪತ್ತೆ ಮಾಡಿದವರು ಆಪರೇಟರ್. ಜಾಲತಾಣದ ಪರದೆ ನೋಡುತ್ತಿದ್ದವರು ಅವರೊಬ್ಬರೇ, ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಇದೇ ವಾರದಲ್ಲಿ ಇನ್ನೊಂದು ಸಣ್ಣ ಬಾಕಿ ಹೊರಬಂತು. ತುಟ್ಟಿಭತ್ಯೆ ಶೇ. 50 ತಲುಪಿದ್ದರಿಂದ 2024ರ ಜನವರಿಯಿಂದ ಈ ವಿಶ್ವವಿದ್ಯಾಲಯವಿರುವಂತಹ ವೈ ವರ್ಗದ (ಮಧ್ಯಮ ಜನಸಂಖ್ಯೆಯ) ನಗರಗಳಲ್ಲಿ ಮನೆಬಾಡಿಗೆ ಭತ್ಯೆ ಕೇಂದ್ರದ ದರದಲ್ಲಿ ಶೇ. 20 ಆಗಿತ್ತು. ವಿದ್ಯಾರ್ಥಿನಿಗೆ ಹಳೆಯ 18ರಲ್ಲೇ ಪಾವತಿಯಾಗುತ್ತಿತ್ತು. ತಿಂಗಳಿಗೆ ₹740, ವರ್ಷಕ್ಕೆ ₹8,880. ಕಚೇರಿಗೆ ಇದು ಸಣ್ಣ ಮೊತ್ತ, ಬಾಡಿಗೆ ಕೋಣೆಯಲ್ಲಿರುವ ಸಂಶೋಧನಾ ವಿದ್ಯಾರ್ಥಿಗೆ ಅಲ್ಲ. ಹೆಚ್ಚುವರಿ ಹಣಕ್ಕೆ ಸಂಸ್ಥೆಗೆ ಪತ್ರ ಬರೆಯುವುದನ್ನು ಅಭ್ಯಾಸದ ಭಾಗವನ್ನಾಗಿಯೇ ಮಾಡಿ ಅದೇ ದಿನ ಕರಡು ಸಿದ್ಧಪಡಿಸಲಾಯಿತು.

ನಾಲ್ಕು ಮತ್ತು ಐದನೇ ವಾರದಲ್ಲಿ ಪರಿಷ್ಕೃತ ಯು.ಸಿ. ತಯಾರಾಯಿತು. ಕ್ರಮ ಹೀಗಿತ್ತು. ಮೊದಲು ಬಡ್ಡಿ ₹36,905 ಭಾರತ್‌ಕೋಶ್‌ಗೆ. ಬಳಿಕ ₹1,47,000ನ್ನು ವಿಶ್ವವಿದ್ಯಾಲಯದ ಹಣದಿಂದ ಯೋಜನೆಯ ಸಾಮಾನ್ಯ ಶೀರ್ಷಿಕೆಗೆ ಮರುಭರ್ತಿ ಮಾಡಲು ಕುಲಪತಿಗಳ ಅನುಮೋದನೆ: ಓವರ್‌ಹೆಡ್ ಆಗಿ ಪಡೆದಿದ್ದ ₹1,00,000, ಸಂಶೋಧನಾ ನಿಧಿಯಿಂದ ₹47,000. ಘಟನೋತ್ತರ ಅನುಮತಿ ಕೇಳಿ ನೋಡೋಣ ಎಂಬ ಸಲಹೆಯೂ ಬಂದಿತ್ತು. ಅದನ್ನು ಕೈಬಿಟ್ಟಿದ್ದು ಸರಿಯಾದ ತೀರ್ಮಾನ. ಈಗಾಗಲೇ ಒಂದು ತಪ್ಪು ಯು.ಸಿ. ಕಳುಹಿಸಿದ ಕಚೇರಿ ಇನ್ನೊಂದು ವಿನಾಯಿತಿ ಕೇಳಿದರೆ ಕಡತ ಮತ್ತೆ ಮೂರು ತಿಂಗಳು ಅಲ್ಲೇ ಕೂರುತ್ತದೆ. ಮೂರನೆಯದಾಗಿ 12-ಎ ನಮೂನೆ, ಖರ್ಚಿನ ವಿವರಪಟ್ಟಿ, ಬದ್ಧ ವೆಚ್ಚದ ಟಿಪ್ಪಣಿ, ಚಲನ್. ಮೇಲೆ ಒಂದೇ ಪುಟದ ಮುಖಪತ್ರ: ಹಿಂದಿನ ಅಂಕಿ, ಈಗಿನ ಅಂಕಿ, ವ್ಯತ್ಯಾಸ, ಕಾರಣ. ನೆಪವಿಲ್ಲದ, ಕ್ಷಮೆಯ ಉದ್ದ ಪೀಠಿಕೆಯಿಲ್ಲದ ನಾಲ್ಕು ಸಾಲಿನ ಕೋಷ್ಟಕ.

ಜಿಎಫ್‌ಆರ್ 238ರಲ್ಲಿ ಯು.ಸಿ.ಗೆ ಆರ್ಥಿಕ ವರ್ಷ ಮುಗಿದ ಮೇಲೆ 12 ತಿಂಗಳ ಕಾಲಾವಕಾಶವಿದೆ. ಇದನ್ನೇ ನಂಬಿ ಆಕ್ಷೇಪಣೆಗೆ ಉತ್ತರಿಸುವುದನ್ನು ಮುಂದೂಡಲಾಗಿತ್ತು. ಆ ಮಿತಿ ಕಾಗದ ಸಲ್ಲಿಸಲು. ಮುಂದಿನ ಕಂತು ಮಾತ್ರ ಯು.ಸಿ. ಒಪ್ಪಿತವಾದ ದಿನದಿಂದ ಹೊರಡುತ್ತದೆ. ಜೊತೆಗೆ ಈ ವರ್ಷದ ಅಂತಿಮ ಶಿಲ್ಕೇ ಮುಂದಿನ ವರ್ಷದ ಪ್ರಾರಂಭಿಕ ಶಿಲ್ಕು. ₹24,34,100 ಎಂದು ಸರಿಯಾಗದೆ 2024-25ರ ಯು.ಸಿ.ಯ ಮೊದಲ ಅಂಕಣವನ್ನೇ ತುಂಬಲು ಬರುವುದಿಲ್ಲ.

ಉಳಿದ ವಾರಗಳು ಬೇಗ ಸಾಗಿದವು. ತಿಂಗಳ 5ನೇ ತಾರೀಖಿನೊಳಗೆ ಬ್ಯಾಂಕ್ ಪಟ್ಟಿ, ನಗದು ಪುಸ್ತಕ, ಪಿಎಫ್‌ಎಂಎಸ್ ಮೂರನ್ನೂ ತಾಳೆ ನೋಡುವುದು. 41 ಯೋಜನೆಗಳನ್ನೂ ಒಟ್ಟಿಗೆ ನೋಡಲಾಗದು, ವಾರಕ್ಕೆ ಹತ್ತು ಹನ್ನೊಂದು. ಶೂನ್ಯ ಶಿಲ್ಕಿನ ಖಾತೆಗಳ (ಹಣ ಬಾರದೆ ಖರ್ಚಿನ ಮಿತಿ ಮಾತ್ರ ಸಿಗುವ) ಯೋಜನೆಗಳಿಗೆ ಹಳದಿ ಕಡತ, ಹಣ ಖಾತೆಗೇ ಬರುವ ಹಳೆಯ ಬಗೆಯವಕ್ಕೆ ನೀಲಿ. ಕೇಂದ್ರದ ವೆಚ್ಚ ಇಲಾಖೆಯ 2022ರ ಮಾರ್ಚ್ 9ರ ಆದೇಶದ ನಂತರ ಎರಡೂ ಬಗೆ ಒಂದೇ ಮೇಜಿಗೆ ಬರುತ್ತಿವೆ. ಹಳದಿಯಲ್ಲಿ ಬಡ್ಡಿಯ ಪ್ರಶ್ನೆ ಬಾರದು, ಖರ್ಚಿನ ಮಿತಿ ಎಷ್ಟು ಉಳಿದಿದೆ ಎಂಬುದೇ ಮುಖ್ಯ. ನೀಲಿಯಲ್ಲಿ ಬಡ್ಡಿಯೇ ಮುಖ್ಯ. ಎಂಟನೇ ವಾರ ಪ್ರಧಾನ ಸಂಶೋಧಕರಿಗೆ 45 ನಿಮಿಷದ ಒಂದು ಕೂಟ: ಖರೀದಿ ಬೇಡಿಕೆಯ ದಿನ ಹೊಸ ದರಪಟ್ಟಿ ತನ್ನಿ, ತೆರಿಗೆ ದರವನ್ನು ಅದರಲ್ಲಿ ಬೇರೆಯಾಗಿ ಬರೆಸಿ.

ಪ್ರಭಾರ ಚೀಟಿ

ಹತ್ತು ವಾರಗಳಲ್ಲಿ ಹೆಚ್ಚು ಬಾಳಿಕೆ ಬರುವ ವಸ್ತು ಯಾವುದೆಂದು ಕೇಳಿದರೆ ಎರಡು ಪುಟದ ಒಂದು ಚೀಟಿ. ಪ್ರತಿ ಕಡತದ ಒಳರಕ್ಷೆಗೆ ಅಂಟಿಸಿದ ಇದರಲ್ಲಿ ಬಂಡವಾಳ ಮತ್ತು ಸಾಮಾನ್ಯದ ಮೊತ್ತ, ಬಡ್ಡಿಯ ಷರತ್ತಿನ ಕಂಡಿಕೆ ಸಂಖ್ಯೆ, ಬದ್ಧ ವೆಚ್ಚ, ಬಾಕಿಯಿರುವ ಆಕ್ಷೇಪಣೆ, ಅದಕ್ಕೆ ಉತ್ತರಿಸಬೇಕಾದ ದಿನ. ವರ್ಗಾವಣೆಯಾದವರು ಈ ಚೀಟಿ ತುಂಬಿಸಿ ಸಹಿ ಹಾಕಿದ ಮೇಲೆಯೇ ಕಾರ್ಯಮುಕ್ತಿ ಪತ್ರ ಎಂದು ಆದೇಶವಾಯಿತು. ಪ್ರಭಾರ ಪಟ್ಟಿಯಲ್ಲಿ ಬೀರುವಿನ ಬೀಗದ ಕೈಯಿಂದ ಕುರ್ಚಿಯವರೆಗೆ ಎಲ್ಲವೂ ಇರುತ್ತಿತ್ತು. ಉತ್ತರಿಸದೆ ಉಳಿದ ಪತ್ರ ಮಾತ್ರ ಇರುತ್ತಿರಲಿಲ್ಲ.

ತರಬೇತಿಯ ಫಲವನ್ನು ಹಾಜರಾತಿಯಿಂದ ಅಳೆಯಲಿಲ್ಲ. ಎರಡೇ ಅಂಕಿ ಇಟ್ಟುಕೊಳ್ಳಲಾಯಿತು: ಆಕ್ಷೇಪಣೆ ಬಂದ ದಿನದಿಂದ ಉತ್ತರ ಹೊರಟ ದಿನದವರೆಗಿನ ದಿನಗಳು, ಮತ್ತು ವಾಪಸು ಬಂದ ಯು.ಸಿ.ಗಳ ಸಂಖ್ಯೆ. ಎರಡನ್ನೂ ಅಧೀಕ್ಷಕರ ಮೇಜಿನ ಹಿಂದಿನ ಫಲಕದಲ್ಲಿ ತಿಂಗಳಿಗೊಮ್ಮೆ ಬರೆಯುತ್ತಾರೆ.

ಪರಿಷ್ಕೃತ ಯು.ಸಿ. ಫೆಬ್ರುವರಿ ಕೊನೆಗೆ ಹೋಯಿತು, ಎರಡನೇ ಕಂತು ಮೇ ತಿಂಗಳಲ್ಲಿ ಬಂತು. ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕು ತಿಂಗಳ ಬಾಕಿ ₹1,74,640 ಒಟ್ಟಿಗೆ ಪಾವತಿಯಾಯಿತು. ಆ ನಾಲ್ಕು ತಿಂಗಳು ವಿದ್ಯಾರ್ಥಿನಿ ಮನೆಯವರ ದುಡ್ಡಿನಲ್ಲಿ ಪ್ರಯೋಗಾಲಯಕ್ಕೆ ಬಂದಿದ್ದರು. ಮತ್ತೆ ಹಾಗಾಗಬಾರದೆಂದು, ಕಂತು ತಡವಾದಾಗ ಫೆಲೋಶಿಪ್‌ಗೆ ಮಾತ್ರ ಗರಿಷ್ಠ ಮೂರು ತಿಂಗಳು ಮುಂಗಡ ಕೊಡುವ ಆವರ್ತ ನಿಧಿಯ ಪ್ರಸ್ತಾವ ಹಣಕಾಸು ಸಮಿತಿಯ ಮುಂದಿದೆ.

ಒಂದು ತೊಡಕು ಇನ್ನೂ ಹಾಗೆಯೇ ಇದೆ. ಪಿಎಫ್‌ಎಂಎಸ್ ಪರದೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಆಪರೇಟರ್‌ನ ಗುತ್ತಿಗೆ ಪ್ರತಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಶಾಖೆಗೆ ಅವರು ಅತಿ ಹೆಚ್ಚು ಬೇಕಾಗುವುದು ಏಪ್ರಿಲ್ ಮೊದಲ ಹದಿನೈದು ದಿನ, ತಾಳೆ ನೋಡಿ ಯು.ಸಿ. ಬರೆಯುವ ಹೊತ್ತಿನಲ್ಲಿ. ಈ ಒಂದು ಹುದ್ದೆಯ ಗುತ್ತಿಗೆ ವರ್ಷವನ್ನು ಅಕ್ಟೋಬರ್‌ನಿಂದ ಸೆಪ್ಟೆಂಬರ್‌ಗೆ ಬದಲಿಸುವಂತೆ ಕೋರಿದ ಕಡತ ಕುಲಸಚಿವರ ಮೇಜಿನಲ್ಲಿದೆ.